ಪ್ರಾಗ್‌ನಿಂದ ಚೆಸ್ಕಿ ಕ್ರುಮ್ಲೊವ್: ಬೆಳಿಗ್ಗೆ ಹೋಗಿ ಸಂಜೆ ಬರೋದಾ, ರಾತ್ರಿ ಉಳಿಯೋದಾ?

ಶರಾವತಿ_ಹಿನ್ನೀರು

ನಮಸ್ಕಾರ ಎಲ್ಲರಿಗೂ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಪ್ರಾಗ್‌ಗೆ ಹೋಗುತ್ತಿದ್ದೇವೆ. ತಮ್ಮ ಅಲ್ಲೇ ಕೆಲಸದಲ್ಲಿದ್ದಾನೆ. ಚೆಸ್ಕಿ ಕ್ರುಮ್ಲೊವ್ ಅನ್ನೋ ಕೋಟೆ ಊರನ್ನು ನೋಡಲೇಬೇಕು ಅಂತ ಅವನ ಹಟ. ಆದರೆ ಅವನಿಗೆ ರಜೆ ಇಲ್ಲ, ನಾವೇ ಹೋಗಬೇಕು.

ಅಪ್ಪನಿಗೆ ಮಂಡಿ ನೋವು. ನಿಧಾನಕ್ಕೆ ನಡೀತಾರೆ, ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ. ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಮಗ ಚಿಕ್ಕವನು, ಅವನಿಗೆ ಅರಮನೆ ಅಂದರೆ ಕುರ್ಚಿ ಮೇಜು ತೋರಿಸೋ ಜಾಗ, ಬೇಗ ಬೇಜಾರು. ಹೋದವರು ಹೇಳಿ: ಒಂದು ಹಗಲು ಸಾಕಾ? ನೋಡಲೇಬೇಕಾದ್ದು ಯಾವುದು, ಬಿಡಬಹುದಾದ್ದು ಯಾವುದು? ಇಂಟರ್ನೆಟ್‌ನಲ್ಲಿ ಎಲ್ಲರೂ ಅದೇ ಕೆಂಪು ಹೆಂಚಿನ ಫೋಟೋ ಹಾಕಿ "ಕನಸಿನ ಊರು" ಅಂತಾರೆ. ಅದರಿಂದ ಏನೂ ತಿಳಿಯಲಿಲ್ಲ.

ವಲ್ಟಾವಾ_ವಾಸಿ

ಮೇಡಂ, ನಾನಿರೋದು ಪ್ರಾಗ್‌ನಲ್ಲಿ. ಊರಿಂದ ಯಾರೇ ಬಂದರೂ ಕ್ರುಮ್ಲೊವ್‌ಗೆ ಕರೆದುಕೊಂಡು ಹೋಗೋದು ನನ್ನ ಪಾಲಿನ ಕೆಲಸ ಆಗಿಬಿಟ್ಟಿದೆ. ನನ್ನ ಸಲಹೆ: ರಾತ್ರಿ ಉಳಿಯಿರಿ.

ಪ್ರಾಗ್‌ನಿಂದ ಸುಮಾರು 170 ಕಿ.ಮೀ. ಬಸ್ಸಿಗೆ ಹತ್ತಿರ ಹತ್ತಿರ ಮೂರು ಗಂಟೆ. ಹೋಗಿ ಬರೋದಕ್ಕೇ ಆರು ಗಂಟೆ ಹೋಯಿತು. ಉಳಿದ ಸಮಯದಲ್ಲಿ ನೀವು ಊರಲ್ಲಿರುವಾಗಲೇ ಪ್ರವಾಸಿ ಬಸ್ಸುಗಳೆಲ್ಲ ಬಂದಿರುತ್ತವೆ. ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರ ತನಕ ಸೇತುವೆ ಮೇಲೆ ಕಾಲಿಡಲು ಜಾಗ ಇರಲ್ಲ. ಐದಾದ ಮೇಲೆ ಊರು ಖಾಲಿ. ಆಮೇಲೆ ನಡೆದು ನೋಡಿ, ಅದೇ ಬೀದಿ ಅಂತ ನಂಬೋಕೆ ಆಗಲ್ಲ.

ಬಸ್ಸಾ ರೈಲಾ ಅಂತ ಕೇಳ್ತೀರಿ. ನೇರ ರೈಲು ಇದೆ, ಆದರೆ ಸ್ಟೇಷನ್ ಊರಿನ ಮೇಲ್ಗಡೆ ಗುಡ್ಡದಲ್ಲಿ. ಅಪ್ಪಾಜಿಗೆ ಮಂಡಿ ನೋವು ಅಂದಿರಿ, ಹಾಗಾಗಿ ಬಸ್ಸೇ ವಾಸಿ. ಬಸ್ ನಿಲ್ದಾಣದಿಂದ ಹಳೇ ಊರಿಗೆ ಹತ್ತು ನಿಮಿಷದ ನಡಿಗೆ. ಪ್ರಾಗ್‌ನಲ್ಲಿ ಬಹಳಷ್ಟು ಬಸ್ಸು ಹೊರಡೋದು ಆಂಡೆಲ್ ಮೆಟ್ರೋ ಹತ್ತಿರದ ನಾ ಕ್ನೀಜೆಸಿ ನಿಲ್ದಾಣದಿಂದ. ಮುಖ್ಯ ನಿಲ್ದಾಣಕ್ಕೆ ಹೋಗಿ ಕಾಯಬೇಡಿ, ಟಿಕೆಟ್‌ನಲ್ಲಿ ಏನಿದೆ ನೋಡಿಕೊಳ್ಳಿ.

ಮತ್ತೆ ಸೋಮವಾರ ಹೋಗಬೇಡಿ. ಕೋಟೆಯ ಒಳಗಿನ ಟೂರ್‌ಗಳಿಗೆ ಅವತ್ತು ರಜೆ.

ಬಸವನಗುಡಿ_ಬ್ಯಾಟ್ಸ್‌ಮನ್

ಎಲ್ಲರೂ ಹೌದು ಹೌದು ಅಂತಾರೆ, ನಾನೊಬ್ಬ ಇಲ್ಲ ಅಂತೀನಿ. ಹೋಗಿದ್ದೆ. ಊರು ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಅದು ಊರಾ? ಕೆಳಗಡೆ ಅಂಗಡಿ, ಮೇಲ್ಗಡೆ ಹೋಟೆಲ್. ಮರದ ಆಟಿಕೆ, ಅಂಬರ್ ಸರ, ಜಿಂಜರ್‌ಬ್ರೆಡ್, ಮೇಣದ ಗೊಂಬೆ ಮ್ಯೂಸಿಯಂ, ಚಿತ್ರಹಿಂಸೆ ಮ್ಯೂಸಿಯಂ. ಒಂದು ದಿನಸಿ ಅಂಗಡಿ ಹುಡುಕೋಕೆ ಹಳೇ ಊರಿಂದ ಆಚೆ ಹೋಗಬೇಕಾಯಿತು. ಕಿಟಕಿಯಲ್ಲಿ ಒಣಗಿಸಿದ ಬಟ್ಟೆ ಒಂದೂ ಕಾಣಲಿಲ್ಲ. ಪ್ರಾಗ್ ನೋಡಿದವರಿಗೆ ಇಲ್ಲಿ ಹೊಸದೇನೂ ಇಲ್ಲ. ಆ ದುಡ್ಡಲ್ಲಿ ಪ್ರಾಗ್‌ನಲ್ಲೇ ಇನ್ನೊಂದು ದಿನ ಇರಿ.

ವಲ್ಟಾವಾ_ವಾಸಿ

ಬ್ಯಾಟ್ಸ್‌ಮನ್ ಸರ್, ಆ ಮೇಣದ ಗೊಂಬೆ, ಚಿತ್ರಹಿಂಸೆ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಸಹಿ. ದುಡ್ಡು ದಂಡ. ಆದರೆ ಒಂದು ಕೇಳ್ತೀನಿ, ನೀವು ಕೋಟೆಯ ಥಿಯೇಟರ್ ನೋಡಿದಿರಾ?

ಬಸವನಗುಡಿ_ಬ್ಯಾಟ್ಸ್‌ಮನ್

ಇಲ್ಲ. ಟಿಕೆಟ್ ಖಾಲಿ ಆಗಿತ್ತು.

ರಂಗದ_ಹುಚ್ಚು

ಹಾಗಾದರೆ ಊರಿನ ಅರ್ಧ ಬಿಟ್ಟು ಬಂದಿದ್ದೀರಿ ಸರ್! ನಾನು ಆ ಊರಿಗೆ ಹೋಗಿದ್ದೇ ಥಿಯೇಟರ್‌ಗೋಸ್ಕರ. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಕೋಟೆಯ ಐದನೇ ಅಂಗಳದಲ್ಲಿ ಹೊರಗಿಂದ ನೋಡಿದರೆ ಉಗ್ರಾಣದ ಹಾಗಿರೋ ಕಟ್ಟಡ ಒಂದಿದೆ. 1680ರ ದಶಕದ ಶುರುವಿನಲ್ಲಿ, ಆಗ ಕೋಟೆಯ ಒಡೆಯರಾಗಿದ್ದ ಎಗ್ಗೆನ್‌ಬರ್ಗ್ ಮನೆತನದವರು ಕಟ್ಟಿಸಿದ್ದು. 1765-66ರಲ್ಲಿ, ಅವರ ನಂತರ ಕೋಟೆಗೆ ಬಂದ ಶ್ವಾರ್ಜೆನ್‌ಬರ್ಗ್ ಮನೆತನದ ಯೋಸೆಫ್ ಆಡಂ ಅದನ್ನು ಪೂರ್ತಿ ಹೊಸದು ಮಾಡಿಸಿದ. ಆಗ ಏನಿತ್ತೋ ಅದೆಲ್ಲ ಈಗಲೂ ಅಲ್ಲೇ ಇದೆ. ರಂಗಮಂದಿರ ಒಂದೇ ಅಲ್ಲ, ವಿಯೆನ್ನಾದ ಕಲಾವಿದರು ಬರೆದ ಪರದೆಗಳು, ವಿಂಗ್‌ಗಳು (ವೇದಿಕೆಯ ಎರಡೂ ಪಕ್ಕ ನಿಲ್ಲಿಸೋ, ದೃಶ್ಯ ಬರೆದ ತಡಿಕೆಗಳು), ಉಡುಪು, ಸಂಗೀತದ ಹಸ್ತಪ್ರತಿ, ಲೈಟಿಂಗ್ ಸಾಮಾನು, ಯಂತ್ರ, ಎಲ್ಲಾ. ಯುರೋಪಿನಲ್ಲಿ ಇಷ್ಟು ಪೂರ್ತಿಯಾಗಿ ಉಳಿದಿರೋ ಬರೋಕ್ ಕಾಲದ ಥಿಯೇಟರ್ ಅಂದರೆ ಸ್ವೀಡನ್‌ನ ಡ್ರೋಟ್ನಿಂಗ್‌ಹೋಮ್ ಮತ್ತು ಇದು, ಈ ಎರಡರ ಹೆಸರನ್ನೇ ಜನ ಮೊದಲು ಹೇಳೋದು.

ಮೇಡಂ, ನಿಮ್ಮ ಮಗನಿಗೆ ಇಷ್ಟ ಆಗೋದು ಯಂತ್ರ. ವೇದಿಕೆಯ ಕೆಳಗೆ ಮರದ ಒಂದು ದೊಡ್ಡ ರಾಟೆ ಇದೆ, ಅದಕ್ಕೆ ಹಗ್ಗಗಳು. ಹಗ್ಗದ ಇನ್ನೊಂದು ತುದಿಯಲ್ಲಿ ಗಾಲಿ ಇರೋ ಚೌಕಟ್ಟುಗಳು. ಆ ಚೌಕಟ್ಟಿನ ಮೇಲೆ ನಿಂತಿರೋದೇ ವಿಂಗ್. ಕೆಳಗೆ ಆಳುಗಳು ರಾಟೆ ತಿರುಗಿಸಿದರೆ ಎರಡೂ ಕಡೆಯ ವಿಂಗ್‌ಗಳು ಒಟ್ಟಿಗೆ ಒಳಗೆ ಸರಿದು, ಅದೇ ಹೊತ್ತಿಗೆ ಬೇರೆ ವಿಂಗ್‌ಗಳು ಹೊರಗೆ ಬರುತ್ತವೆ. ಪರದೆ ಬೀಳಿಸೋದೇ ಬೇಡ. ಕಾಡು ಇದ್ದಿದ್ದು ಪ್ರೇಕ್ಷಕರ ಕಣ್ಣೆದುರೇ ಸೆರೆಮನೆ ಆಗುತ್ತದೆ, ಕೆಲವೇ ಸೆಕೆಂಡಿನಲ್ಲಿ. ಗುಡುಗು, ಮಳೆ, ಗಾಳಿಯ ಸದ್ದು ಮಾಡೋಕೆ ಬೇರೆ ಬೇರೆ ಮರದ ಸಾಧನ ಇವೆ. ನಮ್ಮ ಕಂಪನಿ ನಾಟಕದ ಸೀನರಿ, ಟ್ರಿಕ್ ಸೀನು ನೋಡಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ನಿಮ್ಮ ತಂದೆಯವರು ಆ ಕಾಲದವರೇ ಆಗಿದ್ದರೆ ಅವರಿಗೆ ಮೊದಲೇ ಹೇಳಿಡಿ.

ಪೂರ್ತಿ ಮರ, ಬಟ್ಟೆ, ಹಗ್ಗ. ಬೆಳಕು ಮೇಣದ ಬತ್ತಿ, ಎಣ್ಣೆ ದೀಪದ್ದು. ಅಂಥ ಥಿಯೇಟರ್‌ಗಳು ಯುರೋಪಿನಲ್ಲಿ ಸುಟ್ಟುಹೋದದ್ದೇ ಹೆಚ್ಚು. ಇದು ಉಳಿಯೋಕೆ ಒಂದು ಕಾರಣ, ಆಮೇಲೆ ಇಲ್ಲಿ ನಾಟಕ ಆಡಿಸೋದೇ ಅಪರೂಪ ಆಯಿತು. 1966ರಲ್ಲಿ ಮುಚ್ಚಿದರು. ರಿಪೇರಿ, ಸಂಶೋಧನೆ ಅಂತ ಮೂರು ದಶಕ ಹಿಡಿದು, 1997ರಲ್ಲಿ ಜನರಿಗೆ ತೆರೆದರು. ಈಗಲೂ ನಿಜವಾದ ಪ್ರದರ್ಶನ ವರ್ಷಕ್ಕೆ ಬೆರಳೆಣಿಕೆಯಷ್ಟು. ನಮಗೆ ಸಿಗೋದು ಗೈಡ್ ಜೊತೆಗಿನ ಟೂರ್. ಒಂದು ಸಲಕ್ಕೆ ಸ್ವಲ್ಪ ಜನರನ್ನು ಮಾತ್ರ ಬಿಡುತ್ತಾರೆ, ಚಳಿಗಾಲದಲ್ಲಿ ಅದೂ ಇಲ್ಲ. ಹಾಗಾಗಿ ಮೊದಲು ಈ ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಆಮೇಲೆ ಬಸ್ಸು, ಹೋಟೆಲ್. ಉಲ್ಟಾ ಮಾಡಬೇಡಿ.

ಶರಾವತಿ_ಹಿನ್ನೀರು

ಅಯ್ಯೋ ಎಷ್ಟು ಚೆನ್ನಾಗಿ ಬರೆದಿರಿ ಸರ್. ಅಪ್ಪನಿಗೆ ಓದಿ ಹೇಳಿದೆ. ಅವರು ಈಗ ಮಂಡಿ ಮಾತೇ ಬಿಟ್ಟು "ಆ ರಾಟೆ ತಿರುಗಿಸೋಕೆ ಎಷ್ಟು ಜನ ಬೇಕಂತೆ" ಅಂತ ಕೇಳ್ತಿದ್ದಾರೆ.

ಕೋಟೆ ಒಳಗೆ ಬೇರೆ ಟೂರ್‌ಗಳೂ ಇವೆ ಅಂತ ನೋಡಿದೆ. ಒಂದನೇ ಟೂರ್, ಎರಡನೇ ಟೂರ್, ಗೋಪುರ, ಮ್ಯೂಸಿಯಂ. ಎಲ್ಲಾ ಬೇಕಾ?

ವಲ್ಟಾವಾ_ವಾಸಿ

ಬೇಡ. ಥಿಯೇಟರ್ ಜೊತೆಗೆ ಒಂದನೇ ಟೂರ್ ಸಾಕು. ಎರಡನೆಯದು 19ನೇ ಶತಮಾನದ ಶ್ವಾರ್ಜೆನ್‌ಬರ್ಗ್‌ಗಳ ವಾಸದ ಕೋಣೆಗಳು. ನಿಮ್ಮ ಮಗ ಹೇಳೋ ಕುರ್ಚಿ ಮೇಜು ಅದೇ.

ಒಂದನೇ ಟೂರ್‌ನಲ್ಲಿ ಎರಡು ಜಾಗ ಇವೆ. ಮೊದಲನೆಯದು ಚಿನ್ನದ ಸಾರೋಟು. 1638ರಲ್ಲಿ ಚಕ್ರವರ್ತಿ ಮೂರನೇ ಫರ್ಡಿನಾಂಡ್‌ನ ರಾಯಭಾರಿಯಾಗಿ ಎಗ್ಗೆನ್‌ಬರ್ಗ್ ಮನೆತನದ ಯೋಹಾನ್ ಆಂಟನ್ ರೋಮ್‌ಗೆ, ಪೋಪ್ ಎಂಟನೇ ಅರ್ಬನ್ ಹತ್ತಿರ ಹೋದ. ಆ ಒಂದು ಮೆರವಣಿಗೆಗೋಸ್ಕರ ಮಾಡಿಸಿದ ಗಾಡಿ ಅದು. ಮರಕ್ಕೆ ಚಿನ್ನದ ಲೇಪ. ಕೆಲಸ ಮುಗಿದ ಮೇಲೆ ಇಲ್ಲಿಗೆ ತಂದು ನಿಲ್ಲಿಸಿದರು. ದೊಡ್ಡವರ ಮನೆ ದುಂದುಗಾರಿಕೆ ಎಲ್ಲಾ ಕಡೆ ಒಂದೇ!

ಎರಡನೆಯದು ಮಾಸ್ಕರೇಡ್ ಹಾಲ್, ಅಂದರೆ ಮುಖವಾಡದ ನೃತ್ಯ ನಡೀತಿದ್ದ ಹಾಲ್. 1748ರಲ್ಲಿ ಯೋಸೆಫ್ ಲೆಡರರ್ ಅನ್ನೋ ಕಲಾವಿದ ನಾಲ್ಕೂ ಗೋಡೆ ಬರೆದಿದ್ದಾನೆ. ಬಾಲ್ಕನಿಯಲ್ಲಿ ಬಗ್ಗಿ ನೋಡೋ ಜನ, ಬಣ್ಣದ ವೇಷದವರು, ಕೋಡಂಗಿಗಳು, ಬಾಗಿಲ ಹತ್ತಿರ ಕಾವಲುಗಾರ. ಚಿತ್ರ ಎಲ್ಲಿ ಮುಗಿದು ನಿಜವಾದ ಕನ್ನಡಿ ಎಲ್ಲಿ ಶುರು ಅಂತ ಒಮ್ಮೆಗೆ ಗೊತ್ತಾಗಲ್ಲ. ಕಿಟಕಿ ಪಕ್ಕದ ಒಂದು ಮೂಲೆಯಲ್ಲಿ ಕಲಾವಿದ ತನ್ನನ್ನೇ ಬರೆದುಕೊಂಡಿದ್ದಾನೆ, ಕಾಫಿ ಕುಡೀತಾ. ಮಗನಿಗೆ ಹುಡುಕೋಕೆ ಬಿಡಿ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಅದು ನೆನಪಿರಲಿ.

ಗೋಪುರಕ್ಕೆ 162 ಮೆಟ್ಟಿಲು. ಅಪ್ಪಾಜಿ ಕೆಳಗೇ ಇರಲಿ. ಮೇಲಿಂದ ನದಿ ಊರನ್ನು ಬಳಸಿ ಹೋಗೋದು ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಅದೇ ನೋಟ ಕೋಟೆಯ ಪ್ಲಾಶ್ಟೋವಿ ಸೇತುವೆಯಿಂದ ಪುಕ್ಕಟೆ ಸಿಗುತ್ತದೆ. ಎತ್ತರದ ಕಲ್ಲಿನ ಕಮಾನುಗಳ ಮೇಲೆ ಮುಚ್ಚಿದ ಓಣಿಗಳನ್ನು ಒಂದರ ಮೇಲೊಂದು ಕಟ್ಟಿದ ಸೇತುವೆ ಅದು. ಒಂದು ಓಣಿ ಮಾಸ್ಕರೇಡ್ ಹಾಲ್‌ನಿಂದ ಥಿಯೇಟರ್‌ಗೆ, ಇನ್ನೊಂದು ತೋಟದ ಕಡೆಗೆ. ದೊರೆಗಳು ಮಳೆಗೆ ನೆನೆಯದೆ, ಜನರ ಕಣ್ಣಿಗೂ ಬೀಳದೆ ಓಡಾಡೋಕೆ ಮಾಡಿಕೊಂಡ ವ್ಯವಸ್ಥೆ. ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ, ರಾತ್ರಿಯೂ ನಡೆಯಬಹುದು.

ಕುಡ್ಲದ_ಮೀನು

ಎಂಥ ಮಾರಾಯ್ರೆ, ಎಲ್ಲರೂ ಕೋಟೆ ಕೋಟೆ ಅಂತ ಹೇಳ್ತೀರಿ, ನದಿಯ ಸುದ್ದಿಯೇ ಇಲ್ಲ! ಬೇಸಿಗೆಯಲ್ಲಿ ಚೆಕ್ ಜನ ಆ ಊರಿಗೆ ಬರುವುದು ಕೋಟೆ ನೋಡಲಿಕ್ಕೆ ಅಲ್ಲ, ದೋಣಿ ಹಾಕಲಿಕ್ಕೆ. ಮೇಲ್ಗಡೆ ವಿಶ್ಶಿ ಬ್ರೋದ್, ರೋಜ್ಮ್‌ಬೆರ್ಕ್ ಅಂತ ಊರುಗಳಿವೆ. ಅಲ್ಲಿಂದ ಕನೂ ಅಥವಾ ರಬ್ಬರ್ ರಾಫ್ಟ್ ಹತ್ತಿ ಕ್ರುಮ್ಲೊವ್‌ವರೆಗೆ ಬರುತ್ತಾರೆ. ದಾರಿಯಲ್ಲಿ ದಡದ ಅಂಗಡಿಗಳಲ್ಲಿ ನಿಲ್ಲಿಸಿ ಬಿಯರ್ ಕುಡಿಯುತ್ತಾರೆ, ಮತ್ತೆ ಹೊರಡುತ್ತಾರೆ. ಎದುರಾದವರಿಗೆಲ್ಲ "ಅಹೋಯ್" ಅಂತ ಕೂಗುವುದು ಪದ್ಧತಿ. ನೀವೂ ಕೂಗಬೇಕು.

ಊರೊಳಗೆ ಕಿರು ಒಡ್ಡುಗಳಿವೆ. ಅವುಗಳ ಪಕ್ಕ ದೋಣಿ ಜಾರಿ ಹೋಗಲಿಕ್ಕೆ ಇಳಿಜಾರು ಕಾಲುವೆ. ನೀವು ಏನೂ ಮಾಡದೆ ದಡದಲ್ಲಿ ಕೂತರೂ ಸಾಕು, ಜನ ಜಾರಿ, ದೋಣಿ ಮಗುಚಿ, ಒದ್ದೆಯಾಗಿ ನಗುವುದನ್ನು ನೋಡುತ್ತಾ ಹೊತ್ತು ಹೋಗುತ್ತದೆ. ಮಕ್ಕಳಿಗೆ ಅದೇ ದೊಡ್ಡ ಆಟ. ನೀರು ಮಾತ್ರ ಭಯಂಕರ ಚಳಿ. ಮೇಲ್ಗಡೆ ಲಿಪ್ನೋ ಅಣೆಕಟ್ಟಿನಿಂದ ಬರುವ ನೀರು. ಸೆಪ್ಟೆಂಬರ್‌ನಲ್ಲಿ ಹವೆ ಚೆನ್ನಾಗಿದ್ದರೆ ಬಾಡಿಗೆ ದೋಣಿ ಸಿಗುತ್ತದೆ. ಹಿರಿಯರಿಗೆ ಬೇಕಾದರೆ ಮರದ ದಿಮ್ಮಿಯ ತೆಪ್ಪ ಇದೆ. ಅಂಬಿಗರೇ ನಡೆಸುತ್ತಾರೆ, ಬೆಂಚಿನ ಮೇಲೆ ಕೂತು ಊರು ಸುತ್ತು ಹಾಕಬಹುದು. ಮಂಡಿ ನೋವಿನವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಬಸವನಗುಡಿ_ಬ್ಯಾಟ್ಸ್‌ಮನ್

ಥಿಯೇಟರ್, ದೋಣಿ ಎಲ್ಲಾ ಒಪ್ಪಿದೆ. ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಆ ಊರಲ್ಲಿ ಜನ ಯಾಕಿಲ್ಲ?

ಹಳೇ_ಕಡತ

ಈ ಪ್ರಶ್ನೆಗೆ ಉತ್ತರ ಕೊಡ್ತೀನಿ. ಕ್ರುಮ್ಲೊವ್ ಚೆಂದ ಉಳಿದದ್ದಕ್ಕೂ ಅಲ್ಲಿ ಜನ ಇಲ್ಲದ್ದಕ್ಕೂ ಸಂಬಂಧ ಇದೆ.

1302ರಿಂದ ಮುನ್ನೂರು ವರ್ಷ ಇದು ರೋಜ್ಮ್‌ಬೆರ್ಕ್ ಮನೆತನದ ರಾಜಧಾನಿ. ಜರ್ಮನ್‌ನಲ್ಲಿ ರೋಸೆನ್‌ಬರ್ಗ್. ಊರಿಡೀ ಕಾಣೋ ಐದು ಎಸಳಿನ ಗುಲಾಬಿ ಅವರ ಲಾಂಛನ. 16ನೇ ಶತಮಾನದಲ್ಲಿ ವಿಲೆಮ್ ಅನ್ನೋ ದೊರೆ ಹಳೇ ಕಲ್ಲುಕೋಟೆಯನ್ನು ಇಟಲಿ ಶೈಲಿಯ ಅರಮನೆ ಮಾಡಿಸಿದ. ಈಗ ನೋಡೋ ಬಣ್ಣದ ಗೋಪುರ ಆ ಕಾಲದ್ದು. ಅವನ ತಮ್ಮ ಪೀಟರ್ ವೋಕ್ ಮಕ್ಕಳಿಲ್ಲದವನು, ಸಾಲ ಬೇರೆ. 1602ರಲ್ಲಿ ಚಕ್ರವರ್ತಿ ಎರಡನೇ ರುಡೋಲ್ಫ್‌ಗೆ ಇಡೀ ಆಸ್ತಿ ಮಾರಿ ಟ್ರೆಬೊನ್‌ಗೆ ಹೋದ. 1622ರಲ್ಲಿ ಎಗ್ಗೆನ್‌ಬರ್ಗ್‌ಗಳು ಬಂದರು, 1719ರಲ್ಲಿ ಶ್ವಾರ್ಜೆನ್‌ಬರ್ಗ್‌ಗಳು. 19ನೇ ಶತಮಾನದಲ್ಲಿ ಶ್ವಾರ್ಜೆನ್‌ಬರ್ಗ್‌ಗಳಿಗೆ ಹ್ಲುಬೊಕಾ ಅನ್ನೋ ಇನ್ನೊಂದು ಅರಮನೆ ಇಷ್ಟ ಆಯಿತು. ಅಲ್ಲಿಗೆ ದುಡ್ಡು ಸುರಿದು ಇಂಗ್ಲೆಂಡ್ ಮಾದರಿಯಲ್ಲಿ ಮತ್ತೆ ಕಟ್ಟಿಸಿದರು. ಕ್ರುಮ್ಲೊವ್ ಮೂಲೆಗೆ ಬಿತ್ತು. ಯಾರಿಗೂ ಬೇಡವಾದದ್ದರಿಂದ ಯಾರೂ ಕೆಡವಲಿಲ್ಲ. ಥಿಯೇಟರ್ ಉಳಿದದ್ದೂ ಹೀಗೇ.

ಆಮೇಲಿನದು ಕಹಿ. ಊರಿನ ಹೆಚ್ಚಿನ ಜನ ಜರ್ಮನ್ ಮಾತಾಡೋರು. 1938ರ ಮ್ಯೂನಿಕ್ ಒಪ್ಪಂದದ ಮೇಲೆ ಹಿಟ್ಲರ್‌ನ ಜರ್ಮನಿ ಈ ಪ್ರದೇಶವನ್ನು ಸೇರಿಸಿಕೊಂಡಿತು. ಯಹೂದಿಗಳು ಹೋದರು, ಚೆಕ್ ಜನರಲ್ಲಿ ಅನೇಕರು ಹೋದರು. 1945ರ ಮೇನಲ್ಲಿ ಅಮೆರಿಕದ ಸೈನ್ಯ ಬಂತು. ಯುದ್ಧ ಮುಗಿದ ಮೇಲೆ ಜರ್ಮನ್ ಮಾತಾಡೋರನ್ನು ಹೊರಗೆ ಹಾಕಿದರು. ತಲೆಮಾರುಗಳಿಂದ ಇದ್ದವರು ಕೈಗೆ ಸಿಕ್ಕಷ್ಟು ಸಾಮಾನು ಹಿಡಿದು ಹೋದರು. ಖಾಲಿ ಮನೆಗಳಿಗೆ ಬೇರೆ ಬೇರೆ ಕಡೆಯ ಜನ ಬಂದು ಸೇರಿದರು. ಶ್ವಾರ್ಜೆನ್‌ಬರ್ಗ್‌ಗಳ ಆಸ್ತಿಯನ್ನು ಮೊದಲು ನಾಜಿಗಳು ಕಿತ್ತುಕೊಂಡರು, ಆಮೇಲೆ 1947ರಲ್ಲಿ ಅವರಿಗಾಗಿಯೇ ಒಂದು ಕಾನೂನು ಮಾಡಿ ಚೆಕೊಸ್ಲೊವಾಕಿಯಾ ಸರ್ಕಾರ ತೆಗೆದುಕೊಂಡಿತು. ಕಮ್ಯುನಿಸ್ಟ್ ಕಾಲದಲ್ಲಿ ಹಳೇ ಊರು ಬಣ್ಣ ಕಳೆದುಕೊಂಡು, ಗಾರೆ ಉದುರಿ ನಿಂತಿತ್ತು. 1963ರಲ್ಲಿ ಸಂರಕ್ಷಿತ ಊರು ಅಂತ ಘೋಷಣೆ ಆಯಿತು, ಆದರೆ ದೊಡ್ಡ ಬದಲಾವಣೆ ಬಂದದ್ದು 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ನಂತರ. 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆಮೇಲೆ ಮನೆಗಳೆಲ್ಲ ಒಂದೊಂದಾಗಿ ಲಾಡ್ಜ್ ಆದವು.

ಹಾಗಾಗಿ ಬ್ಯಾಟ್ಸ್‌ಮನ್ ಹೇಳಿದ್ದು ನಿಜ. ಆದರೆ ಈ ಊರು ಖಾಲಿ ಆದದ್ದು ಪ್ರವಾಸಿಗಳಿಂದ ಮಾತ್ರ ಅಲ್ಲ. ಪ್ರವಾಸಿಗಳು ಬಂದದ್ದು ಮೊದಲೇ ಖಾಲಿ ಆಗಿದ್ದ ಊರಿಗೆ.

ಬಸವನಗುಡಿ_ಬ್ಯಾಟ್ಸ್‌ಮನ್

ಇದು ಗೊತ್ತಿರಲಿಲ್ಲ. ಊರಲ್ಲಿ ಇದನ್ನೆಲ್ಲ ಎಲ್ಲಾದರೂ ತೋರಿಸ್ತಾರಾ? ನಾನು ನೋಡಿದ ಫಲಕಗಳಲ್ಲಿ ದೊರೆಗಳ ಕತೆ ಬಿಟ್ಟರೆ ಬೇರೆ ಇರಲಿಲ್ಲ.

ಹಳೇ_ಕಡತ

ಸೈಡೆಲ್ ಫೋಟೋ ಸ್ಟುಡಿಯೋ ಮ್ಯೂಸಿಯಂಗೆ ಹೋಗಿ. ಲಿನೆಟ್ಸ್ಕಾ ಬೀದಿಯಲ್ಲಿದೆ. ಯೋಸೆಫ್ ಸೈಡೆಲ್ ಅನ್ನೋ ಫೋಟೋಗ್ರಾಫರ್, ಆಮೇಲೆ ಅವರ ಮಗ ಫ್ರಾಂಟಿಶೆಕ್. ಊರಿನ ಜನ, ಶುಮಾವಾ ಕಾಡಿನ ಹಳ್ಳಿಗಳ ಮದುವೆ, ಸಾವು, ಶಾಲೆ, ಎಲ್ಲಾ ತೆಗೆದಿಟ್ಟಿದ್ದಾರೆ. ಗಾಜಿನ ನೆಗೆಟಿವ್‌ಗಳು ರಾಶಿ ಇವೆ. ಮೇಲಿನ ಮಹಡಿಯ ಸ್ಟುಡಿಯೋಗೆ ಗಾಜಿನ ಮಾಡು, ಹಳೇ ಕ್ಯಾಮೆರಾ, ಹಿನ್ನೆಲೆಗೆ ಬರೆದ ಪರದೆ. ಹೊರಟುಹೋದ ಜನರ ಮುಖ ಕಾಣೋದು ಅಲ್ಲಿ. ನನ್ನ ಲೆಕ್ಕದಲ್ಲಿ ಥಿಯೇಟರ್ ಆದ ಮೇಲೆ ಎರಡನೇ ಜಾಗ ಇದಕ್ಕೆ. ಬಹಳ ಜನ ಹೋಗಲ್ಲ, ಅದೂ ಒಳ್ಳೆಯದೇ.

ವಲ್ಟಾವಾ_ವಾಸಿ

ಬ್ಯಾಟ್ಸ್‌ಮನ್ ಸರ್ ಬಟ್ಟೆ ಒಣಗಿಸಿದ್ದು ಕಾಣಲಿಲ್ಲ ಅಂದರಲ್ಲ, ಅದಕ್ಕೊಂದು ಕತೆ ಇದೆ. 2018ರಲ್ಲಿ ಕಟೆರ್ಜಿನಾ ಷೆಡಾ ಅನ್ನೋ ಚೆಕ್ ಕಲಾವಿದೆ ವೆನಿಸ್ ಆರ್ಕಿಟೆಕ್ಚರ್ ಬಿಯೆನಾಲೆ ಅನ್ನೋ ದೊಡ್ಡ ವಾಸ್ತುಶಿಲ್ಪ ಪ್ರದರ್ಶನಕ್ಕೋಸ್ಕರ ಒಂದು ಯೋಜನೆ ಮಾಡಿದರು. ಕೆಲವು ಕುಟುಂಬಗಳಿಗೆ ಸಂಬಳ ಕೊಟ್ಟು ಕ್ರುಮ್ಲೊವ್‌ನ ಹಳೇ ಊರಿನಲ್ಲಿ ಇರಿಸಿದರು. ಅವರ ಕೆಲಸ ಏನಪ್ಪಾ ಅಂದರೆ ಮಾಮೂಲಿ ಬದುಕು ಬದುಕೋದು! ತಮಾಷೆ ಅನಿಸುತ್ತೆ, ಆದರೆ ಆಕೆ ಹೇಳೋಕೆ ಹೊರಟಿದ್ದು ನಿಮ್ಮ ಮಾತನ್ನೇ.

ಊರಿನವರೂ ಸುಮ್ನೆ ಕೂತಿಲ್ಲ. 2019ರಿಂದ ಪ್ರವಾಸಿ ಬಸ್ಸುಗಳು ಮೊದಲೇ ಸಮಯ ಬುಕ್ ಮಾಡಿ, ಶುಲ್ಕ ಕಟ್ಟಿ ಬರಬೇಕು. ನಾನು ರಾತ್ರಿ ಉಳಿಯಿರಿ ಅನ್ನೋದು ಇದಕ್ಕೂ ಸೇರಿ. ಉಳಿದವರಿಂದ ಊರಿಗೆ ನಾಲ್ಕು ಕಾಸು ಸಿಗುತ್ತದೆ. ಮಧ್ಯಾಹ್ನ ಬಂದು ಫೋಟೋ ತೆಗೆದು ಹೋದವರಿಂದ ಕಸ ಮಾತ್ರ.

ಡ್ಯಾನ್ಯೂಬ್_ಅಕ್ಕ

ನಾನು ಆಸ್ಟ್ರಿಯಾದ ಲಿಂಟ್ಸ್‌ನಲ್ಲಿದ್ದೇನೆ. ನಮಗೆ ಕ್ರುಮ್ಲೊವ್ ಸುಮಾರು 70 ಕಿ.ಮೀ. ಅಷ್ಟೇ. ಶರಾವತಿ, ನೀವು ಪ್ರಾಗ್‌ನಿಂದ ಆಮೇಲೆ ವಿಯೆನ್ನಾ ಅಥವಾ ಸಾಲ್ಜ್‌ಬರ್ಗ್ ಕಡೆ ಹೋಗುವ ಯೋಚನೆ ಇದ್ದರೆ ಕ್ರುಮ್ಲೊವ್ ದಾರಿ ಮಧ್ಯೆಯೇ ಸಿಗುತ್ತದೆ. ಪ್ರಾಗ್‌ಗೆ ವಾಪಸ್ ಹೋಗಬೇಕಾಗಿಲ್ಲ. ಮನೆ ಬಾಗಿಲಿಂದ ಬಾಗಿಲಿಗೆ ಬಿಡುವ ಶಟಲ್ ವ್ಯಾನ್‌ಗಳಿವೆ. ವಯಸ್ಸಾದವರು, ಲಗೇಜು ಇದ್ದರೆ ಅದೇ ಸುಖ. ಹಳೇ ಊರಿನ ಬೀದಿಗಳೆಲ್ಲ ಉರುಟು ಕಲ್ಲು, ಚಕ್ರದ ಸೂಟ್‌ಕೇಸ್ ಎಳೆದರೆ ಕೈ ನೋಯುತ್ತದೆ.

ಚಿತ್ರಕಲೆ ಇಷ್ಟ ಇದ್ದರೆ ಆಸ್ಟ್ರಿಯಾದ ಚಿತ್ರಕಾರ ಎಗೊನ್ ಷೀಲೆ ಬಗ್ಗೆ ಸ್ವಲ್ಪ ಓದಿಕೊಂಡು ಹೋಗಿ. ಅವನ ತಾಯಿ ಇದೇ ಊರಿನವರು. 1911ರಲ್ಲಿ ಅವನು ವಿಯೆನ್ನಾ ಬಿಟ್ಟು ಇಲ್ಲಿಗೆ ಬಂದ, ನದಿ ಪಕ್ಕದ ಒಂದು ತೋಟದ ಮನೆಯಲ್ಲಿ ವಾಲಿ ನೊಯ್ಜಿಲ್ ಅನ್ನೋ ಗೆಳತಿಯ ಜೊತೆ ಇದ್ದ. ಮದುವೆ ಆಗಿಲ್ಲ, ಮೇಲಿಂದ ಬೆತ್ತಲೆ ಚಿತ್ರ ಬರೀತಾನೆ ಅಂತ ಊರವರು ಗಲಾಟೆ ಮಾಡಿ ಓಡಿಸಿದರು. ಈಗ ಅದೇ ಊರಲ್ಲಿ ಅವನ ಹೆಸರಿನ ಕಲಾಕೇಂದ್ರ. ಹಳೇ ಬಿಯರ್ ಕಾರ್ಖಾನೆಯ ಕಟ್ಟಡದಲ್ಲಿ 1993ರಲ್ಲಿ ಶುರುವಾಯಿತು. ಅವನು ಬರೆದ ಕ್ರುಮ್ಲೊವ್ ಮೇಲಿಂದ ನೋಡಿದ ಊರು. ಮನೆಗಳು ಒಂದಕ್ಕೊಂದು ಒತ್ತಿಕೊಂಡು, ಸುತ್ತ ಕಪ್ಪು ನದಿ. ಕೋಟೆಯ ಸೇತುವೆ ಮೇಲೆ ನಿಂತಾಗ ಅದು ನೆನಪಾಗದೆ ಇರಲ್ಲ.

ಶರಾವತಿ_ಹಿನ್ನೀರು

ಅಕ್ಕಾ, ವಿಯೆನ್ನಾ ಕೊನೆಗೆ ಇದೆ! ಹಾಗಾದರೆ ಪ್ರಾಗ್, ಕ್ರುಮ್ಲೊವ್, ವಿಯೆನ್ನಾ ಅಂತ ಮಾಡ್ತೀವಿ. ರಾತ್ರಿ ಉಳಿಯೋದು ಖಾತ್ರಿ. ಈಗ ಊಟದ ಮಾತು ಹೇಳಿ. ಅಮ್ಮನ ಚಿಂತೆ ಅದೊಂದೇ. ಮತ್ತೆ ಮಗ ಕರಡಿ ಕರಡಿ ಅಂತಿದ್ದಾನೆ, ಅಲ್ಲಿ ಕರಡಿ ಇವೆಯಂತೆ?

ವಲ್ಟಾವಾ_ವಾಸಿ

ಮೊದಲು ಊಟ. ಮೊಟ್ಟೆ ತಿನ್ನದವರಿಗೆ ಚೆಕ್ ಅಡುಗೆ ಕಷ್ಟ, ಮುಚ್ಚಿಡಲ್ಲ. ಸಸ್ಯಾಹಾರ ಅಂದರೆ ಎಲ್ಲರೂ "ಸ್ಮಾಝೆನಿ ಸಿರ್" ಕೊಡುತ್ತಾರೆ, ಅಂದರೆ ಬ್ರೆಡ್ ಪುಡಿ ಹಚ್ಚಿ ಕರಿದ ಚೀಸ್. ಆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಜೊತೆಗಿನ ಟಾರ್ಟರ್ ಸಾಸ್‌ನಲ್ಲೂ ಇರುತ್ತದೆ. ಆಲೂಗಡ್ಡೆ ದೋಸೆ ಥರ ಕಾಣೋ ಬ್ರಾಂಬೊರಾಕ್‌ಗೂ ಮೊಟ್ಟೆ ಹಾಕ್ತಾರೆ. ಬೆಳ್ಳುಳ್ಳಿ ಸೂಪ್ ಮಾಂಸದ ನೀರಿನಲ್ಲಿ ಮಾಡಿರಬಹುದು, ಕೇಳಿ. ಊರಲ್ಲಿ ನದಿ ಪಕ್ಕ ಸಸ್ಯಾಹಾರಿ ಹೋಟೆಲ್ ಇದೆ, ಇಟಲಿ ಊಟ ಎಲ್ಲಾ ಕಡೆ ಸಿಗುತ್ತದೆ. ಆದರೂ ಅಡುಗೆಮನೆ ಇರೋ ರೂಮು ಹಿಡಿಯಿರಿ. ಅಕ್ಕಿ, ಮೊಸರು ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ, ಅದು ಹಳೇ ಊರಿನ ಹೊರಗಿದೆ ಅಂತ ಆಗಲೇ ಗೊತ್ತಾಯಿತಲ್ಲ. ಚಟ್ನಿಪುಡಿ ಊರಿಂದ ತಂದರೆ ಮುಗೀತು.

ಇಲ್ಲಿನ ದುಡ್ಡು ಕೊರುನಾ ಇಟ್ಟುಕೊಳ್ಳಿ. ಯೂರೋ ತೆಗೆದುಕೊಳ್ಳೋ ಅಂಗಡಿಗಳಿವೆ, ಆದರೆ ಲೆಕ್ಕ ಅವರದ್ದು.

ಕುಡ್ಲದ_ಮೀನು

ಆ ಸುರುಳಿ ಸುತ್ತಿದ ಟ್ರಡೆಲ್ನಿಕ್ ಅಂತ ಒಂದು ಇದೆ, ಕೆಂಡದ ಮೇಲೆ ತಿರುಗಿಸಿ ಸಕ್ಕರೆ ಉದುರಿಸುವುದು. ಹಳೇ ಚೆಕ್ ತಿಂಡಿ ಅಂತ ಬೋರ್ಡ್ ಹಾಕುತ್ತಾರೆ. ನಂಬಬೇಡಿ ಮಾರಾಯ್ರೆ. ಅದಕ್ಕೆ ಹೆಸರು ಮಾಡಿದ್ದು ಸ್ಲೊವಾಕಿಯಾದ ಸ್ಕಾಲಿಟ್ಸಾ ಊರು, ಇಲ್ಲಿ ಪ್ರವಾಸಿಗಳಿಗೆ ಅಂತ ಮೊನ್ನೆ ಮೊನ್ನೆ ಶುರುವಾದದ್ದು. ಬಿಸಿ ಇದ್ದಾಗ ರುಚಿ ಉಂಟು, ಅದು ಬೇರೆ ಮಾತು.

ರಂಗದ_ಹುಚ್ಚು

ಕರಡಿ ವಿಷಯ. ಕೋಟೆಯ ಮೊದಲ ಮತ್ತು ಎರಡನೇ ಅಂಗಳದ ನಡುವಿನ ಕಂದಕದಲ್ಲಿ ಸಾಕುತ್ತಾ ಬಂದಿದ್ದಾರೆ. ರೋಜ್ಮ್‌ಬೆರ್ಕ್‌ಗಳು ತಾವು ಇಟಲಿಯ ಓರ್ಸಿನಿ ಮನೆತನದ ನೆಂಟರು ಅಂತ ಹೇಳಿಕೊಳ್ಳುತ್ತಿದ್ದರು. ಓರ್ಸಿನಿಗಳ ಲಾಂಛನ ಕರಡಿ. ವಂಶಾವಳಿ ಕಟ್ಟುಕತೆ, ಕರಡಿ ಮಾತ್ರ ನಿಜ. ಕ್ರಿಸ್ಮಸ್ ಹಿಂದಿನ ದಿನ ಮಕ್ಕಳು ಕರಡಿಗಳಿಗೆ ಹಣ್ಣು, ತಿಂಡಿ ತರೋ ಪದ್ಧತಿಯೂ ಇದೆ. ಆದರೆ ನೀವು ಹೋದಾಗ ಅವು ಒಳಗೆ ಮಲಗಿದ್ದರೆ ಏನೂ ಕಾಣಲ್ಲ. ಮಗನಿಗೆ ಆಸೆ ಹುಟ್ಟಿಸಬೇಡಿ.

ಡ್ಯಾನ್ಯೂಬ್_ಅಕ್ಕ

ನನಗೆ ಆ ಕಂದಕ ನೋಡಿದರೆ ಸಂಕಟ ಆಗುತ್ತದೆ. ಅಷ್ಟು ದೊಡ್ಡ ಪ್ರಾಣಿ, ಅಷ್ಟು ಇಕ್ಕಟ್ಟು ಜಾಗ. ಮೇಲಿಂದ ಜನ ಕೂಗೋದು ಬೇರೆ. ಪದ್ಧತಿ ಅಂತ ಎಷ್ಟು ದಿನ ನಡೆಸೋದು?

ಹಳೇ_ಕಡತ

ಅಕ್ಕ ಹೇಳಿದ್ದು ಸರಿ. ಅಲ್ಲಿನ ಜನರಲ್ಲೂ ಈ ವಾದ ಇದೆ.

ಮಗನಿಗೆ ಕರಡಿ ಬದಲು ದೆವ್ವದ ಕತೆ ಹೇಳಿ. ಬಿಳಿ ಸೀರೆಯ ಹೆಂಗಸು, ಅಲ್ಲ, ಬಿಳಿ ಗೌನಿನ ಹೆಂಗಸು ಅನ್ನಬೇಕು! ರೋಜ್ಮ್‌ಬೆರ್ಕ್ ಮನೆಯ ಪೆರ್ಖ್ತಾ. 15ನೇ ಶತಮಾನದವಳು. ಗಂಡನ ಮನೆಯಲ್ಲಿ ಬಹಳ ಕಷ್ಟ ಪಟ್ಟಳು. ತಂದೆಗೆ, ಅಣ್ಣತಮ್ಮಂದಿರಿಗೆ ಅವಳು ಬರೆದ ಕಾಗದಗಳು ಈಗಲೂ ಇವೆ. ನನಗೆ ದೆವ್ವಕ್ಕಿಂತ ಆ ಕಾಗದಗಳೇ ಮುಖ್ಯ. ಅವಳು ಬಿಳಿ ಕೈಗವಸು ಹಾಕಿಕೊಂಡು ಬಂದರೆ ಶುಭ, ಕಪ್ಪು ಹಾಕಿದ್ದರೆ ಸಾವು ಅಂತ ಊರ ಮಾತು.

ಇನ್ನೊಂದು ಕತೆ ಮಕ್ಕಳಿಗೆ ಬೇಡ. ರುಡೋಲ್ಫ್ ಚಕ್ರವರ್ತಿಯ ಮದುವೆಯಾಚೆಗಿನ ಮಗ ಡಾನ್ ಜೂಲಿಯಸ್, ತಲೆ ಸರಿ ಇಲ್ಲದವನು, ಅವನನ್ನು ಈ ಕೋಟೆಯಲ್ಲಿ ಇರಿಸಿದ್ದರು. 1608ರಲ್ಲಿ ಊರಿನ ಕ್ಷೌರಿಕನ ಮಗಳು ಮಾರ್ಕೆಟಾಳನ್ನು ಘೋರವಾಗಿ ಕೊಂದ. ಲಾಟ್ರಾನ್ ಬೀದಿಯಿಂದ ಒಳ ಊರಿಗೆ ದಾಟೋ ಮರದ ಸೇತುವೆಗೆ ಕ್ಷೌರಿಕರ ಸೇತುವೆ ಅಂತಲೇ ಹೆಸರು. ಎಲ್ಲರೂ ಸೆಲ್ಫಿ ತೆಗೆಯೋ ಜಾಗ ಅದೇ.

ವಲ್ಟಾವಾ_ವಾಸಿ

ಮೇಡಂ, ಒಂದು ಅಂದಾಜು ಹಾಕಿಕೊಡ್ತೀನಿ. ಮಧ್ಯಾಹ್ನ ತಲುಪಿ, ರೂಮಿಗೆ ಹೋಗಿ ಊಟ, ಅಪ್ಪ ಅಮ್ಮ ಸ್ವಲ್ಪ ಮಲಗಲಿ. ಆಗ ಊರಲ್ಲಿ ನೂಕುನುಗ್ಗಲು, ನೀವು ಏನೂ ಕಳೆದುಕೊಳ್ಳಲ್ಲ. ಐದರ ಮೇಲೆ ಸ್ವೊರ್ನೋಸ್ತಿ ಚೌಕ, ಸಂತ ವಿಟಸ್ ಚರ್ಚಿನ ಕಡೆ ಹೋಗಿ. ಚರ್ಚು 15ನೇ ಶತಮಾನದ್ದು, ಕಿರಿದು, ಎತ್ತರ. ಪಕ್ಕದ ಸೆಮಿನರಿ ತೋಟದಿಂದ ಕೋಟೆ ಪೂರ್ತಿ ಕಾಣುತ್ತದೆ, ಬೆಂಚುಗಳಿವೆ, ಮೆಟ್ಟಿಲಿಲ್ಲ. ಮಾರನೇ ದಿನ ಬೆಳಿಗ್ಗೆ ಮೊದಲ ಹೊತ್ತಿನ ಟೂರ್, ಆಮೇಲೆ ಥಿಯೇಟರ್. ಕೋಟೆಗೆ ಲಾಟ್ರಾನ್ ಕಡೆಯಿಂದ ಹತ್ತಿದರೆ ಏರು ಇದೆ, ಆದರೆ ಅಂಗಳ ಅಂಗಳ ನಿಲ್ಲುತ್ತಾ ಹೋಗಬಹುದು. ಅಪ್ಪಾಜಿಗೆ ಏರು ಬೇಡ ಅಂದರೆ ಟ್ಯಾಕ್ಸಿಯಲ್ಲಿ ಮೇಲಿನ ತೋಟದ ಗೇಟಿಗೆ ಹೋಗಿ, ತೋಟ ದಾಟಿ ಇಳಿಯುತ್ತಾ ಬನ್ನಿ. ಥಿಯೇಟರ್ ಮೊದಲು ಸಿಗುತ್ತದೆ.

ತೋಟದಲ್ಲಿ ತಿರುಗೋ ಪ್ರೇಕ್ಷಕಾಂಗಣ ಕಾಣುತ್ತದೆ. ನಟರು ಸುತ್ತ ಇರ್ತಾರೆ, ಕೂತವರನ್ನೇ ಯಂತ್ರ ತಿರುಗಿಸುತ್ತದೆ. 1958ರಲ್ಲಿ ಚಿಕ್ಕದಾಗಿ ಶುರು ಮಾಡಿದಾಗ ಕೈಯಲ್ಲೇ ತಳ್ಳುತ್ತಿದ್ದರಂತೆ. ಚಾರಿತ್ರಿಕ ತೋಟದಲ್ಲಿ ಇಷ್ಟು ದೊಡ್ಡ ಕಬ್ಬಿಣದ ಬುಟ್ಟಿ ಯಾಕೆ ಅಂತ ಯುನೆಸ್ಕೋ ತಕರಾರು. ಜನಕ್ಕೆ ಅದೇ ಪ್ರೀತಿ. ಬೇಸಿಗೆಯ ಟಿಕೆಟ್ ತಿಂಗಳುಗಳ ಮೊದಲೇ ಖಾಲಿ ಆಗುತ್ತದೆ.

ರಂಗದ_ಹುಚ್ಚು

ಆ ಬುಟ್ಟಿಯನ್ನು ತೆಗೆಯಬಾರದು ಅನ್ನೋ ಗುಂಪಿನವನು ನಾನು. ಒಂದೇ ತೋಟದ ಒಂದು ತುದಿಯಲ್ಲಿ ದೃಶ್ಯ ತಿರುಗಿಸೋ ಥಿಯೇಟರ್, ಇನ್ನೊಂದು ತುದಿಯಲ್ಲಿ ಪ್ರೇಕ್ಷಕರನ್ನು ತಿರುಗಿಸೋದು. ಇರಲಿ ಬಿಡ್ರಿ, ಯಾರಿಗೆ ತೊಂದರೆ.

ಬಸವನಗುಡಿ_ಬ್ಯಾಟ್ಸ್‌ಮನ್

ತೋಟ ನೋಡೋಕೆ ಬರೋರಿಗೆ ತೊಂದರೆ! ಬೆಲ್ಲಾರಿಯಾ ಅನ್ನೋ ಚೆಂದದ ಬೇಸಿಗೆ ಬಂಗಲೆ ಅದರ ಹಿಂದೆ ಮುಚ್ಚಿ ಹೋಗಿದೆ. ಫೋಟೋಗೆ ಎಷ್ಟು ಪಾಡು ಪಟ್ಟೆ ಗೊತ್ತಾ.

ಶರಾವತಿ_ಹಿನ್ನೀರು

ಥಿಯೇಟರ್ ಟಿಕೆಟ್ ನೋಡಿದೆ. ನಮಗೆ ಬೇಕಾದ ದಿನ ಇಂಗ್ಲಿಷ್ ಟೂರ್ ಭರ್ತಿ, ಚೆಕ್ ಭಾಷೆಯದ್ದು ಇದೆ. ಏನು ಮಾಡೋದು?

ರಂಗದ_ಹುಚ್ಚು

ಚೆಕ್ ಟೂರ್ ತೆಗೆದುಕೊಳ್ಳಿ ಮೇಡಂ, ಯೋಚನೆ ಬೇಡ. ಬೇರೆ ಭಾಷೆಯ ಮುದ್ರಿತ ಹಾಳೆ ಕೇಳಿ. ಅಲ್ಲಿ ಕಿವಿಗಿಂತ ಕಣ್ಣಿಗೆ ಕೆಲಸ ಜಾಸ್ತಿ. ಮುಂದಿನ ಸಾಲಿನಲ್ಲಿ ಕೂರೋಕೆ ನೋಡಿ, ಮತ್ತೆ ಅಪ್ಪಾಜಿ ಕೇಳಿದ ರಾಟೆಯ ಪ್ರಶ್ನೆಯನ್ನು ಗೈಡ್ ಹತ್ತಿರ ಕೇಳಿ ಇಲ್ಲಿ ಬರೆಯಿರಿ.

ಶರಾವತಿ_ಹಿನ್ನೀರು

ಬುಕ್ ಆಯಿತು. ಬುಧವಾರ ಬೆಳಿಗ್ಗೆ. ರೂಮು ಲಾಟ್ರಾನ್ ಬೀದಿಯಲ್ಲಿ ಸಿಕ್ಕಿದೆ, ನೆಲಮಹಡಿ, ಅಡುಗೆಮನೆ ಇದೆ. ಶಟಲ್ ವ್ಯಾನ್‌ನಲ್ಲಿ ಕುಕ್ಕರ್ ತಗೊಂಡು ಹೋಗೋದಕ್ಕೆ ಏನೂ ಅಡ್ಡಿ ಇಲ್ಲ ತಾನೆ?

ಡ್ಯಾನ್ಯೂಬ್_ಅಕ್ಕ

ಏನಿಲ್ಲ. ಆದರೆ ಅಲ್ಲಿನ ಒಲೆ ಇಂಡಕ್ಷನ್ ಇರಬಹುದು, ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡಲ್ಲ. ಸ್ಟೀಲಿನದ್ದು ತಳ ನೋಡಿ ತನ್ನಿ.